ಸೋದರಮಾವನ ಹೆಲ್ಮೆಟ್

ಬಸಲಿಂಗ ಬೆಳಗಿನಿಂದ ಆರು ಸಲ ಗೇಟಿನ ತನಕ ಹೋಗಿ ವಾಪಸು ಬಂದಿದ್ದ.

ಗೇಟು ಅಂದರೆ ದೊಡ್ಡದೇನಲ್ಲ, ಚಿಕ್ಕಮುನಿಯಮ್ಮನ ವಠಾರಕ್ಕೆ ಹಾಕಿದ ತಗಡಿನ ಬಾಗಿಲು. ಆ ಕಡೆ ಐದು, ಈ ಕಡೆ ಐದು ಬಾಡಿಗೆ ಮನೆ. ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಓಣಿ. ಗೇಟಿನ ಆಚೆ ಚಂದಾಪುರದ ಒಂದು ಸಾದಾ ರಸ್ತೆ. ಒಂದು ಹಾಲಿನಂಗಡಿ, ಒಂದು ಗುಜರಿ ಅಂಗಡಿ, ಅರ್ಧ ಕಟ್ಟಿದ ಮೂರಂತಸ್ತಿನ ಮನೆ, ಅದರ ಮರಳಿನ ಗುಡ್ಡೆಯ ಮೇಲೆ ಮಲಗಿದ ನಾಯಿ. ಹೆದರುವಂಥದ್ದು ಒಂದೂ ಇಲ್ಲ. ಅದು ಬಸಲಿಂಗನಿಗೂ ಗೊತ್ತಿತ್ತು. ಗೊತ್ತಿದ್ದರೂ ಕಾಲು ಏಳುತ್ತಿರಲಿಲ್ಲ, ಅದೇ ಅವನ ಕಾಯಿಲೆ.

"ಯಾಕಪ್ಪ ಅಂಗೆ ಗಾಣದೆತ್ತಿನಂಗೆ ಸುತ್ತುತೀಯಾ? ನನ್ನ ಸಿಮೆಂಟು ಸವೆದೋಯ್ತದೆ," ಅಂದಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಚಿಕ್ಕಮುನಿಯಮ್ಮ.

"ಸುಮ್ನ ಕುಂತ್ರ ಕೈಕಾಲು ಜೋಮು ಹಿಡಿತಾವ್ರಿ ಅಮ್ಮಾರ."

"ಜೋಮು ಕಾಲಿಗಲ್ಲ ಇಡ್ದಿರೋದು," ಅಂದು ಅವಳು ಸಿಪ್ಪೆಯನ್ನು ಮೊರಕ್ಕೆ ಎಸೆದಳು.

ಇನ್ನು ಒಂದೂವರೆ ತಿಂಗಳಿಗೆ ಅವನ ಅಕ್ಕ ಬಸಕ್ಕನ ಮಗಳು ಭಾಗ್ಯಶ್ರೀಯ ಮದುವೆ. ಗಂಡಿನ ಕಡೆಯವರೂ ಕೊಪ್ಪಳದ ಕಡೆಯಿಂದ ಬಂದು ಬೊಮ್ಮಸಂದ್ರದ ಫ್ಯಾಕ್ಟರಿಗಳಲ್ಲಿ ದುಡಿಯುತ್ತಿದ್ದವರು. ಎರಡೂ ಕಡೆಯ ಮುಕ್ಕಾಲು ಪಾಲು ನೆಂಟರು ಹೊಸೂರು ರಸ್ತೆಯ ಆಚೀಚೆಯೇ ಇರುವಾಗ ಊರಿಗೆ ಯಾಕೆ ಹೋಗಬೇಕು ಅಂತ ಚಂದಾಪುರದಲ್ಲೇ ಒಂದು ಕಲ್ಯಾಣ ಮಂಟಪ ಹಿಡಿದಿದ್ದರು. ವಠಾರದಿಂದ ಅಲ್ಲಿಗೆ ನಡೆದರೆ ಹತ್ತು ನಿಮಿಷ. ಅವರ ಪದ್ಧತಿಯಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಬಸಕ್ಕನಿಗೆ ಇದ್ದವನು ಒಬ್ಬನೇ ತಮ್ಮ. ಗಂಡ ತೀರಿಕೊಂಡ ಮೇಲೆ ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಅವಳು ಬೆಂಗಳೂರಿಗೆ ಬಂದಾಗ ಆ ಕೂಸು ಬೆಳೆದದ್ದು ಬಸಲಿಂಗನ ಹೆಗಲ ಮೇಲೆ. ಅವನು ಬರದೇ ಹೋದರೆ ದೂರದ ದಾಯಾದಿ ಈರಪ್ಪ ಆ ಜಾಗಕ್ಕೆ ನಿಲ್ಲುತ್ತಾನೆ. ಈರಪ್ಪ ಆಗಲೇ ಅದಕ್ಕೆಂದು ಹೊಸ ಅಂಗಿ ಹೊಲಿಸಿದ್ದಾನೆ ಅಂತ ಸುದ್ದಿಯೂ ಬಂದಿತ್ತು. ಆ ಅಂಗಿಯ ಸುದ್ದಿ ಬಂದಾಗಿನಿಂದ ಬಸಲಿಂಗನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇದೆಲ್ಲ ಶುರುವಾಗಿ ಎಂಟು ತಿಂಗಳಾಗಿತ್ತು. ಒಂದು ಸಂಜೆ ಶಿಫ್ಟು ಮುಗಿಸಿ ಬರುವಾಗ ಚಂದಾಪುರ ಸರ್ಕಲ್ಲಿನಲ್ಲಿ ರಸ್ತೆ ದಾಟುತ್ತ ನಡುವಿನ ಡಿವೈಡರ್ ಮೇಲೆ ಸಿಕ್ಕಿಹಾಕಿಕೊಂಡ. ಹಿಂದೆ ಲಾರಿ, ಮುಂದೆ ಕಂಪನಿ ಬಸ್ಸುಗಳ ಸಾಲು. ಐದು ನಿಮಿಷವಾದರೂ ಯಾರೂ ದಾರಿ ಬಿಡಲಿಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವೆತಿತು, ಕಣ್ಣ ಮುಂದಿನ ರಸ್ತೆ ಹೊಳೆಯಂತೆ ಅಗಲವಾಗುತ್ತ ಹೋಯಿತು. ಸತ್ತೆ ಅಂದುಕೊಂಡ. ಯಾರೋ ಆಟೋದಲ್ಲಿ ಕ್ಲಿನಿಕ್ಕಿಗೆ ಹಾಕಿಕೊಂಡು ಹೋದರು. ಅಲ್ಲಿಯ ಡಾಕ್ಟರು ಇಸಿಜಿ ತೆಗೆದು, "ನಿನ್ನ ಹಾರ್ಟು ಕುದುರೆ ಇದ್ದಂಗಿದೆ ಕಣಯ್ಯ, ಗ್ಯಾಸು ಅಷ್ಟೆ," ಅಂತ ಮಾತ್ರೆ ಕೊಟ್ಟು ಕಳಿಸಿದರು. ವಾರ ಬಿಟ್ಟು ಶೇರ್ ಆಟೋದಲ್ಲಿ ಮತ್ತೆ ಅದೇ ಆಯಿತು. ಆಮೇಲೆ ಸಂತೆಯಲ್ಲಿ. ಅಲ್ಲಿಂದಾಚೆಗೆ ಅವನು ಮೊದಲು ಸರ್ಕಲ್ಲು ಬಿಟ್ಟ, ಆಮೇಲೆ ಸಂತೆ ಬಿಟ್ಟ, ಆಮೇಲೆ ಫ್ಯಾಕ್ಟರಿ ಬಿಟ್ಟ. ಕೊನೆಗೆ ಹಾಲಿನಂಗಡಿಯನ್ನೂ ಬಿಟ್ಟ. ಒಂದೊಂದನ್ನು ಬಿಟ್ಟಾಗಲೂ ಆ ದಿನದ ಮಟ್ಟಿಗೆ ಹಾಯ್ ಅನ್ನಿಸುತ್ತಿತ್ತು. ಮೋಸ ಇದ್ದದ್ದು ಆ ಹಾಯ್ ಅನ್ನಿಸುವುದರಲ್ಲೇ.

ಈಗ ಅವನು ಮನೆಯೊಳಗೆ ಕೂತು ರಬ್ಬರು ಕತ್ತರಿಸುತ್ತಿದ್ದ. ಅಚ್ಚಿನಿಂದ ಬಂದ ಸಣ್ಣ ಸಣ್ಣ ವಾಷರುಗಳ ಅಂಚಿನಲ್ಲಿ ಉಳಿದ ತೆಳು ಪೊರೆಯನ್ನು ಕತ್ತರಿಯಿಂದ ಸವರಿ ತೆಗೆಯುವ ಕೆಲಸ. ವಠಾರದ ಹೆಂಗಸರು ಅಡುಗೆ ಮುಗಿಸಿ ಮಾಡುತ್ತಿದ್ದುದನ್ನು ಇವನು ದಿನವಿಡೀ ಮಾಡುತ್ತಿದ್ದ. ಹೆಂಡತಿ ಮಹಾದೇವಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವಳು ಒಂದು ಮಂಗಳವಾರ ರಜೆ ಹಾಕಿ ಸರಕಾರಿ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದಳು.

"ಪೇಷೆಂಟ್ ಎಲ್ಲಮ್ಮ?" ಅಂದರಂತೆ ಅವರು.

"ಬರಂಗಿಲ್ರಿ ಸರ್. ಅದ ರೋಗ."

ಡಾಕ್ಟರು ನಕ್ಕು, ಫೋನಿನಲ್ಲೇ ಬಸಲಿಂಗನ ಹತ್ತಿರ ಮಾತಾಡಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ಎದೆಬಡಿತ ತಗ್ಗಿಸುತ್ತದೆ, ಆದರೆ ಹೊಸ್ತಿಲು ದಾಟುವುದು ನೀನೇ, ದಿನಾ ಒಂದಿಷ್ಟು ಹೊರಗೆ ಹೋಗಿ ಬಾ ಅಂತಲೂ ಹೇಳಿದರು. ಮಾತ್ರೆಯನ್ನು ಬಸಲಿಂಗ ತಪ್ಪದೆ ತಗೊಂಡ. ಹೊರಗೆ ಹೋಗುವುದನ್ನು ಮಾತ್ರ ತಪ್ಪದೆ ನಾಳೆಗೆ ಇಟ್ಟ.

ಒಬ್ಬ ಮನುಷ್ಯ ತಿಂಗಳುಗಟ್ಟಲೆ ವಠಾರದಲ್ಲೇ ಇದ್ದಾನೆ ಅಂದರೆ ವಠಾರದವರೆಲ್ಲ ವೈದ್ಯರಾಗದೆ ಇರುತ್ತಾರೆಯೇ? ಚಿಕ್ಕಮುನಿಯಮ್ಮ ಬ್ರಾಹ್ಮಿ ಎಣ್ಣೆ ಕಾಯಿಸಿ ಅವನ ನೆತ್ತಿಗೆ ತಾನೇ ತಟ್ಟಿದಳು. ಶುಕ್ರವಾರ ಶುಕ್ರವಾರ ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ಘಾಟು ಬರಲಿಲ್ಲ ಅಂದರೆ ದೃಷ್ಟಿ ದೊಡ್ಡದು, ಬಂದರೆ ದೃಷ್ಟಿ ಹೋಯಿತು. ಎರಡರಲ್ಲೂ ಸೀನಿದವನು ಬಸಲಿಂಗನೇ. ಊರಿನಿಂದ ಯಾರೋ ತಾಯತ ಕಳಿಸಿದರು. ಎದುರುಮನೆಯ ಮಲ್ಲಿಕ್ ಹಗಲು ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತ, ಬಿಡುವಿನಲ್ಲಿ ಯಾವುದೋ ಆಯುರ್ವೇದ ಕಂಪನಿಯ ಸಾಮಾನು ಮಾರುತ್ತಿದ್ದವನು. ಅವನು ಬಸಲಿಂಗನ ಕೈಗೆ ಅಯಸ್ಕಾಂತದ ಕಡಗ ಹಾಕಿಸಿ, ಕಾಲಿಗೆ ಮುಳ್ಳುಮುಳ್ಳಿನ ಆಕ್ಯುಪ್ರೆಶರ್ ಚಪ್ಪಲಿ ಕೊಟ್ಟ. "ಇಪ್ಪತ್ತೊಂದು ದಿನ ಹಾಕ್ಕೊಂಡು ನಡೀ ಗುರು, ನರ ಎಲ್ಲಾ ಓಪನ್ ಆಗುತ್ತೆ." ನಡೆಯುವ ಹಾಗಿದ್ದರೆ ಚಪ್ಪಲಿ ಯಾಕೆ ಬೇಕಿತ್ತು ಅಂತ ಮಹಾದೇವಿ ಕೇಳಿದ್ದಕ್ಕೆ ಮಲ್ಲಿಕ್ ಗಾಡಿ ಸ್ಟಾರ್ಟ್ ಮಾಡಿದ.

ಸ್ವಲ್ಪ ಗುಣ ಕಂಡದ್ದು ಬಿಂದುಶ್ರೀ ಹೇಳಿಕೊಟ್ಟದ್ದರಿಂದ. ಅವಳು ಚಿಕ್ಕಮುನಿಯಮ್ಮನ ಮೊಮ್ಮಗಳು, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಯೋಗ ಕಲಿಸುತ್ತಿದ್ದಳು. ಭಾನುವಾರ ಅಜ್ಜಿಯ ಮನೆಗೆ ಬಂದಾಗ ಬಸಲಿಂಗನನ್ನು ಎದುರು ಕೂರಿಸಿಕೊಂಡು ಹೇಳಿದಳು:

"ಇದಕ್ಕೆ ಅಗೋರಫೋಬಿಯಾ ಅಂತಾರೆ ಅಣ್ಣ. ಬಯಲು ಕಂಡ್ರೆ ಭಯ ಅಂತಷ್ಟೇ ಅಲ್ಲ. ಏನಾದ್ರೂ ಆದ್ರೆ ಇಲ್ಲಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ ಅನ್ನಿಸೋ ಜಾಗದ ಭಯ. ನನ್ನ ಕ್ಲಾಸಲ್ಲೇ ಇಬ್ರಿದ್ದಾರೆ, ದೊಡ್ಡ ದೊಡ್ಡ ಕೆಲಸದಲ್ಲಿರೋರು."

"ಅವ್ರೂ ರಬ್ಬರ್ ಕತ್ತರಸ್ತಾರೇನ್ರಿ?"

"ಅವ್ರು ಮನೇಲೇ ಕೂತು ಲ್ಯಾಪ್‌ಟಾಪ್ ಕುಟ್ತಾರೆ. ಹಂಗಾಗಿ ಯಾರಿಗೂ ಗೊತ್ತಾಗಲ್ಲ."

ಹೀಗೆ ಅಂದು ಭ್ರಾಮರಿ ಹೇಳಿಕೊಟ್ಟಳು. ಹೆಬ್ಬೆರಳಿನಿಂದ ಕಿವಿ ಮುಚ್ಚಿ, ಮೂಗಿನಿಂದ ಉಸಿರು ಎಳೆದುಕೊಂಡು, ಬಾಯಿ ಮುಚ್ಚಿದಂತೆಯೇ ದುಂಬಿಯ ಹಾಗೆ ಗುಂಯ್‌ಗುಟ್ಟುತ್ತ ಮೆಲ್ಲಗೆ ಬಿಡಬೇಕು. ಉಸಿರು ಉದ್ದವಾದರೆ ಎದೆ ತಾನಾಗಿ ನಿಧಾನ ಆಗುತ್ತದೆ ಅಂದಳು. ಮನೆಯೊಳಗೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಗೇಟಿನ ಹತ್ತಿರ ಹೋದ ಕೂಡಲೇ ದುಂಬಿ ಹಾರಿಹೋಗುತ್ತಿತ್ತು.

ಆ ಆರು ಸಲ ಗೇಟಿಗೆ ಹೋಗಿ ಬಂದ ದಿನವೇ ಮಧ್ಯಾಹ್ನ ತೆಂಗಿನಕಾಯಿ ಕೀಳುವವನು ಬಂದ. ಸುತ್ತಮುತ್ತಲಿನವರೆಲ್ಲ ಬಾಡಿಗೆ ಮನೆ ಕಟ್ಟಲು ತೋಟ ಕಡಿದರೂ ಚಿಕ್ಕಮುನಿಯಮ್ಮ ಗೇಟಿನ ಪಕ್ಕದ ಒಂದು ಮರವನ್ನು ಉಳಿಸಿಕೊಂಡಿದ್ದಳು. ಅವಳ ಗಂಡ ನೆಟ್ಟ ಮರ.

"ಬಸ್ಲಿಂಗ, ಬಿದ್ದ ಕಾಯ್ ಒಟ್ಟುಮಾಡು ಬಾ," ಅಂದವಳು, ಮೇಲೆ ನೋಡಿ, ಊಟಕ್ಕೆ ಬಂದಿದ್ದ ಮಲ್ಲಿಕ್‌ನ ಗಾಡಿಗೆ ಸಿಕ್ಕಿಸಿದ್ದ ಹೆಲ್ಮೆಟ್ ತಂದು ಕೊಟ್ಟಳು. "ಇದಾಕ್ಕೋ. ತಲೆ ಮ್ಯಾಲೆ ಬಿದ್ರೆ ನನ್ನೆಣ್ಣೆ ಎಲ್ಲಾ ದಂಡ ಆಯ್ತದೆ."

ಮುಖ ಪೂರ್ತಿ ಮುಚ್ಚುವ ದೊಡ್ಡ ಹೆಲ್ಮೆಟ್ಟು. ಬಸಲಿಂಗ ಹಾಕಿಕೊಂಡ, ಗಾಜು ಇಳಿಸಿದ. ಕಾಯಿ ಒಂದೊಂದೇ ದಪ್ಪೆಂದು ಬೀಳತೊಡಗಿದವು. ಮೂರನೆಯದೋ ನಾಲ್ಕನೆಯದೋ ಗೇಟಿನ ಸಂದಿಯಿಂದ ಹೊರಗೆ ಜಿಗಿದು ಇಳಿಜಾರಿಗೆ ಉರುಳಿತು. ಬಸಲಿಂಗ ಅದರ ಹಿಂದೆ ಓಡಿದ. ಹಾಲಿನಂಗಡಿ ದಾಟಿತು, ಇವನೂ ದಾಟಿದ. ನಾಯಿ ಎದ್ದು ಬೊಗಳಿತು. ಮುನೇಶ್ವರನ ಗುಡಿಯ ಕಟ್ಟೆಗೆ ತಾಗಿ ಕಾಯಿ ನಿಂತಾಗ ಬಗ್ಗಿ ಎತ್ತಿಕೊಂಡ. ಎತ್ತಿಕೊಂಡ ಮೇಲೆಯೇ ತಾನು ಎಲ್ಲಿದ್ದೇನೆ ಅಂತ ಗೊತ್ತಾದದ್ದು.

ಎದೆ ಹೊಡೆದುಕೊಂಡಿತು, ನಿಜ. ಆದರೆ ಗಾಜಿನೊಳಗೆ ರಸ್ತೆ ಒಂದು ಕಿಟಕಿಯಷ್ಟೇ ಇತ್ತು. ತನ್ನ ಉಸಿರು ತನಗೇ ಕೇಳುತ್ತಿತ್ತು. ಗುಂಯ್ ಅಂದ. ಹೆಲ್ಮೆಟ್ಟಿನೊಳಗೆ ಅದು ಗುಡಿಯ ಗಂಟೆ ಬಾರಿಸಿ ಬಿಟ್ಟಂತೆ ಮೊಳಗಿತು. ಕಿವಿ ಮುಚ್ಚಲು ಬೆರಳೂ ಬೇಕಿರಲಿಲ್ಲ. ಗುಂಯ್‌ಗುಟ್ಟುತ್ತಲೇ ಕಾಯಿಯನ್ನು ಅಪ್ಪಿಕೊಂಡು ವಾಪಸು ಬಂದ.

ಗೇಟಿನಲ್ಲಿ ನಿಂತಿದ್ದ ಚಿಕ್ಕಮುನಿಯಮ್ಮ ಅವನನ್ನು ಕೂಗಿರಲಿಲ್ಲ. ಐವತ್ತು ವರ್ಷ ಹಸು ಕಟ್ಟಿದವಳಿಗೆ, ಹಗ್ಗ ಬಿಚ್ಚಿಕೊಂಡ ಕರುವನ್ನು ಕೂಗಿ ಬೆದರಿಸಬಾರದು ಅಂತ ಗೊತ್ತು. "ಇನ್ನೂ ಎರಡು ಉರುಳ್ಕೊಂಡು ಓಗವೆ," ಅಂದಳು ಅಷ್ಟೆ. ಆ ಎರಡನ್ನು ಅವಳೇ ಕಾಲಿನಿಂದ ತಳ್ಳಿದ್ದು ಅವನಿಗೆ ಕಾಣಲಿಲ್ಲ.

ಮಾರನೆಯ ದಿನದಿಂದ ಬಸಲಿಂಗ ಹೆಲ್ಮೆಟ್ ಹಾಕಿಕೊಂಡು ಓಡಾಡತೊಡಗಿದ. ಮಲ್ಲಿಕ್‌ನ ಹತ್ತಿರ ಹಳೆಯದೊಂದು ಇತ್ತು, ಅದನ್ನು ಇಸಿದುಕೊಂಡ. ಮೊದಲು ಹಾಲಿನಂಗಡಿ, ಆಮೇಲೆ ರಬ್ಬರಿನ ಚೀಲ ಕೊಡುವ ಗೋಡೌನು, ಆಮೇಲೆ ಮುಖ್ಯರಸ್ತೆಯ ಮೂಲೆ. ಹೆಲ್ಮೆಟ್ ಹಾಕಿಕೊಂಡು ನಡೆಯುವವನನ್ನು ಕಂಡು ಈ ಊರಿನಲ್ಲಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಗಾಡಿ ಎಲ್ಲೋ ನಿಲ್ಲಿಸಿ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಮಹಾದೇವಿಯೂ ಹಾಗೇ ಅಂದುಕೊಂಡಳು. ಗಂಡ ಮಲ್ಲಿಕ್‌ನ ಗಾಡಿಯ ಹಿಂದೆ ಕೂತು ಓಡಾಡುತ್ತಿದ್ದಾನೆ, ಅಂದರೆ ಗುಣವಾಯಿತು. ಬಸಲಿಂಗ ಅಲ್ಲ ಅನ್ನಲಿಲ್ಲ. ಮೂವತ್ತೈದು ವರ್ಷದ ಗಂಡಸು ಒಂದು ಪ್ಲಾಸ್ಟಿಕ್ ಬುರುಡೆಯೊಳಗೆ ಅಡಗಿಕೊಂಡು ಹಾಲು ತರುತ್ತೇನೆ ಅಂತ ಹೆಂಡತಿಗೆ ಹೇಗೆ ಹೇಳುವುದು?

ಗುಣವಾಯಿತು ಅಂದ ಮೇಲೆ ಪಾಲುದಾರರು ಹುಟ್ಟಿಕೊಂಡರು. ಮಲ್ಲಿಕ್ ತನ್ನ ಕಡಗದ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿ, 'ನಮ್ಮ ಎದುರುಮನೆಯಲ್ಲೇ ರಿಸಲ್ಟ್' ಅಂತ ಬರೆದ. ಊರಿನವರು ತಾಯತಕ್ಕೆ ಕೈಮುಗಿದರು. ಬಿಂದುಶ್ರೀ ಭ್ರಾಮರಿ ಅಂದಳು. ಚಿಕ್ಕಮುನಿಯಮ್ಮ ಮಾತ್ರ, "ಎಣ್ಣೆ," ಅಂದು ಬಾಯಿ ಮುಚ್ಚಿಕೊಂಡಳು. ಮಹಾದೇವಿ ಅತ್ತಿಗೆ ಬಸಕ್ಕನಿಗೆ ಫೋನು ಮಾಡಿ, "ವೈನಿ, ಲಗ್ನಕ್ಕ ನಿಮ್ಮ ತಮ್ಮನ ಬರ್ತಾರ, ಈರಪ್ಪಣ್ಣಗ ಹೇಳಿಬಿಡ್ರಿ," ಅಂದಳು.

ಅದನ್ನು ಕೇಳಿದ ರಾತ್ರಿಯಿಡೀ ಬಸಲಿಂಗ ಮಗ್ಗುಲು ಬದಲಿಸಿದ. ಮಂಟಪದೊಳಗೆ ಹೆಲ್ಮೆಟ್ ಹಾಕಿಕೊಂಡು ಹೋದ ಸೋದರಮಾವ ಯಾವ ಮದುವೆಯಲ್ಲೂ ಇಲ್ಲ.

ಗುಟ್ಟು ಬಯಲಾದದ್ದು ಬೆಳ್ಳಿ ಅಂಗಡಿಯಲ್ಲಿ. ಕಾಲುಂಗುರ ಸೋದರಮಾವನ ಕಡೆಯಿಂದಲೇ ಆಗಬೇಕು ಅಂತ ಬಸಕ್ಕ ಹೆಬ್ಬಗೋಡಿಯಿಂದ ಬಂದು ತಮ್ಮನನ್ನು ಕರೆದುಕೊಂಡು ಹೊರಟಳು. ಅಂಗಡಿ ಹತ್ತಿರದಲ್ಲೇ ಇತ್ತು. "ನಡಕೊಂತ ಹೊಂಟೀವಿ, ಹೆಲ್ಮೆಟ್ ಯಾಕೋ ತಮ್ಮಾ?" ಅಂದಳು ದಾರಿಯಲ್ಲಿ.

"ಧೂಳು ಅಕ್ಕಾ."

ಅಂಗಡಿಯ ಗಾಜಿನ ಬಾಗಿಲಲ್ಲಿ ಗಾರ್ಡು ಕೈ ಅಡ್ಡ ಹಿಡಿದ. "ಹೆಲ್ಮೆಟ್ ತೆಗೀರಿ ಸಾರ್." ಪಕ್ಕದಲ್ಲೇ ಬೋರ್ಡಿತ್ತು, ಹೆಲ್ಮೆಟ್ ಧರಿಸಿ ಒಳಗೆ ಬರುವಂತಿಲ್ಲ ಅಂತ.

"ನಾ ಹೊರಗ ನಿಂದರ್ತೀನಿ."

"ಕಾಲುಂಗುರ ಕೊಡಾಂವ ನೀನ, ಆರಿಸಾಕ ನಾ ಒಬ್ಬಾಕಿನ ಹೋಗ್ಲಿ? ತಗಿ ಅದನ್ನ," ಅಂದು ಬಸಕ್ಕ ತಾನೇ ಪಟ್ಟಿ ಬಿಚ್ಚಿ ಹೆಲ್ಮೆಟ್ ಎತ್ತಿ, ಅವನನ್ನು ಒಳಗೆ ಎಳೆದುಕೊಂಡಳು.

ಶಬ್ದ ಮೊದಲು ಬಂದು ಬಡಿಯಿತು. ಆಮೇಲೆ ಬೆಳಕು. ನಾಲ್ಕು ಗೋಡೆಗೂ ಕನ್ನಡಿ, ಕನ್ನಡಿಯಲ್ಲಿ ಜನ, ಜನರ ಹಿಂದೆ ಮತ್ತೆ ಜನ. ಅಕ್ಕನ ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ಬೆನ್ನ ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಬಸಲಿಂಗ ಗಾರ್ಡನ್ನು ತಳ್ಳಿ ಹೊರಗೆ ಓಡಿದ. ಹೆಲ್ಮೆಟ್ ಅಕ್ಕನ ಕೈಯಲ್ಲೇ ಉಳಿಯಿತು. ಒಂದು ಚಪ್ಪಲಿ ಮೆಟ್ಟಿಲಲ್ಲಿ ಬಿತ್ತು. ವಠಾರದ ಗೇಟಿನೊಳಗೆ ಬಂದೇ ನೆಲಕ್ಕೆ ಕುಸಿದು ಕೂತ.

ಹಿಂದಿನಿಂದ ಬಸಕ್ಕ ಬಂದಳು. ಹೆಲ್ಮೆಟ್ಟನ್ನೂ ಚಪ್ಪಲಿಯನ್ನೂ ಅವನ ಮುಂದೆ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗಾರ್ಡು ನನ್ನ ಬ್ಯಾಗ್ ತೆರಿಸಿ ನೋಡಿದ, ತಮ್ಮಾ. ಅಂಗಡಿ ತುಂಬ ಮಂದಿ. ಕಳ್ಳನ ಅಕ್ಕ ಅಂದ್ಕೊಂಡ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನಗ ಆಗೂದಿಲ್ಲಂದ್ರ ಆಗೂದಿಲ್ಲ ಅನ್ನು. ನಾ ಈರಪ್ಪಗ ಹೇಳ್ತೀನಿ. ಆದ್ರ ಆ ಹುಡುಗಿ ಮಂಟಪಕ್ಕ ಹೊಂಡೂ ಹೊತ್ತಿಗೆ ನೀ ಓಡಿಹೋದ್ರ ಮಾತ್ರ ನಾ ತಡ್ಯಾಂಗಿಲ್ಲ. ವಾರದಾಗ ಹೇಳು."

ಅವಳು ಹೋದ ಮೇಲೆ ಮಹಾದೇವಿ ಬಾಗಿಲಿಗೆ ಒರಗಿ ನಿಂತು, "ಗಾಡ್ಯಾಗ ಹೋಗ್ತಿದ್ದಿಲ್ಲೇನ್ರಿ ನೀವು?" ಅಂದಳು.

"ಇಲ್ಲ. ನಡಕೊಂತ."

"ಹೆಲ್ಮೆಟ್ ಹಾಕ್ಕೊಂಡು?"

"ಹೂಂ."

ಅವಳಿಗೆ ನಗು ಬಂತು. ತಡೆದುಕೊಂಡಳು, ಆಗಲಿಲ್ಲ. ನಗುತ್ತಲೇ ಕಣ್ಣೀರು ಹಾಕಿದಳು. "ನನಗ ಹೇಳಿದ್ರ ನಾನೂ ಒಂದ್ ಹಾಕ್ಕೊಂಡು ನಿಮ್ ಜೋಡಿ ಬರ್ತಿದ್ನಲ್ರಿ," ಅಂದಳು.

ಅಷ್ಟರಲ್ಲಿ ಚಿಕ್ಕಮುನಿಯಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದು ಅವನ ಹಿಂದೆ ಕೂತಳು. ನೆತ್ತಿಗೆ ಎರಡು ಸಲ ತಟ್ಟಿ ಕೇಳಿದಳು:

"ಆ ಅಂಗಡಿಯಿಂದ ಇಲ್ಲೀಗಂಟ ಓಡ್ಬಂದ್ಯಲ್ಲ, ತಲೆ ಮ್ಯಾಲೆ ಏನಿತ್ತಪ್ಪ?"

"ಏನಿರ್ಲಿಲ್ರಿ."

"ಸತ್ತೋದ್ಯಾ?"

ಬಸಲಿಂಗ ಮುಂದಿದ್ದ ಹೆಲ್ಮೆಟ್ಟನ್ನು ಪಕ್ಕಕ್ಕೆ ಸರಿಸಿದ.

"ನಂಗೆ ಮೊದ್ಲಿಂದ್ಲೂ ಗೊತ್ತು ಕಣಪ್ಪ, ನಿನ್ನೆಲ್ಮೆಟ್ ಸಮಾಚಾರ. ತಪ್ಪೇನಿಲ್ಲ. ಮುದುಕೀರು ಕೋಲಿಡ್ಕೊಂಡ್ ಓಡಾಡಲ್ವಾ? ಆದ್ರೆ ಕರೂಗೆ ಹಾಲು ಬಿಡಿಸ್ದಂಗೆ ಬಿಡಿಸ್ಬೇಕು ಅದ್ನ. ಒಂದೇ ದಿನ ಕಿತ್ರೆ ಕರುನೂ ಅಳ್ತದೆ, ಅಸಾನೂ ಅಳ್ತದೆ."

ಬಿಂದುಶ್ರೀಗೆ ವಿಷಯ ಗೊತ್ತಾದಾಗ ಅವಳಿಗೆ ಅವಮಾನವಾಗಲಿಲ್ಲ. ಅಜ್ಜಿ ಹೇಳಿದ್ದೇ ಸರಿ, ಡಾಕ್ಟರು ಹೇಳಿದ್ದೂ ಅದೇ ಅಂದಳು. ದಿನಾ ಕ್ಲಾಸು ಮುಗಿಸಿ ಬಂದು ಅವಳೇ ಜೊತೆಗೆ ನಿಂತಳು. ಎರಡು ದಿನ ಗಾಜು ಎತ್ತಿಕೊಂಡು ಗುಡಿಯ ತನಕ. ಆಮೇಲೆ ಪಟ್ಟಿ ಬಿಚ್ಚಿಕೊಂಡು. ಆಮೇಲೆ ಹೋಗುವಾಗ ತಲೆಯ ಮೇಲೆ, ಬರುವಾಗ ಕೈಯಲ್ಲಿ. ಒಂದು ದಿನ ಚೆನ್ನಾಗಿ ಹೋದರೆ ಮರುದಿನ ಗೇಟಿನಲ್ಲೇ ಕಾಲು ಕಟ್ಟುತ್ತಿತ್ತು. "ಅಲೆ ಬರುತ್ತೆ ಅಣ್ಣ, ಓಡಬೇಡಿ, ನಿಂತ್ಕೊಳ್ಳಿ, ಉಸಿರು ಬಿಡಿ. ಅದೇ ಇಳಿಯುತ್ತೆ," ಅನ್ನುತ್ತಿದ್ದಳು. ಬಸಲಿಂಗ ಹಾಲಿನಂಗಡಿಯ ಮುಂದೆ ನಿಂತು ಗುಂಯ್‌ಗುಡುತ್ತಿದ್ದ. ಅಂಗಡಿಯವನು ಮೊದಲ ದಿನ ಫ್ರಿಜ್ಜು ಕೆಟ್ಟಿತೇನೋ ಅಂತ ಹಿಂದೆ ಬಗ್ಗಿ ನೋಡಿದ. ಸಮಾಧಾನ ಮಾತ್ರ ಬರಲಿಲ್ಲ. ಕತ್ತರಿ ಹಿಡಿದರೆ ರಬ್ಬರಿನ ಬದಲು ಬೆರಳು ಸವರುತ್ತಿತ್ತು. ಊಟದ ನಡುವೆ ಎದ್ದು ಗೇಟಿಗೆ ಹೋಗಿ ನೋಡುತ್ತಿದ್ದ, ರಸ್ತೆ ಅಲ್ಲೇ ಇದೆಯೋ ಇಲ್ಲವೋ ಅನ್ನುವ ಹಾಗೆ.

ವಾರ ಮುಗಿಯುವ ದಿನ ಬಸಕ್ಕನಿಗೆ ಫೋನು ಮಾಡಿದ. "ಬರ್ತೀನಿ," ಅಂದ. ಅವಳು, "ಈರಪ್ಪಗ ಹೊಸ ಅಂಗಿ ಹಾಕ್ಕೊಂಡ ಬಾ ಅಂತೀನಿ. ಇರ್ಲಿ," ಅಂದಳು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ತಾನಾಗಿದ್ದರೂ ಹಾಗೇ ಅನ್ನುತ್ತಿದ್ದ.

ಮದುವೆಯ ದಿನ ಬೆಳಿಗ್ಗೆ ಅವನು ಬಿಳಿ ಧೋತರ, ಬಿಳಿ ಅಂಗಿ, ಹೆಗಲಿಗೆ ಶಲ್ಯ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಹೊರಟ. ಒಂದು ಕಡೆ ಮಹಾದೇವಿ, ಇನ್ನೊಂದು ಕಡೆ ರೇಷ್ಮೆ ಸೀರೆಯ ಚಿಕ್ಕಮುನಿಯಮ್ಮ. ಮಲ್ಲಿಕ್ ಗಾಡಿಯಲ್ಲಿ ಪಕ್ಕದಲ್ಲೇ ಮೆಲ್ಲಗೆ ಬರುತ್ತ, "ಗುರು, ಇವತ್ತಾದ್ರೂ ಕಡಗ ಕೈಗೆ ಹಾಕ್ಕೊಂಡಿದ್ಯಾ?" ಅಂದ.

"ಹಾಕ್ಕೊಂಡೀನಿ. ತಾಯತಾನೂ ಐತಿ, ಎಣ್ಣೀನೂ ಐತಿ. ಮಾತ್ರೀನೂ ನುಂಗೀನಿ. ಯಾವ್ದನ್ನೂ ಬಿಟ್ಟಿಲ್ಲ."

ಕಲ್ಯಾಣ ಮಂಟಪದ ಮೆಟ್ಟಿಲಲ್ಲಿ ಅವನು ಹೆಲ್ಮೆಟ್ ತೆಗೆದ. ಚಿಕ್ಕಮುನಿಯಮ್ಮ ಅದನ್ನು ಎತ್ತಿಕೊಂಡು, "ಮುಂದಿನ ಸಾಲಲ್ಲಿ ಕೂತಿರ್ತೀನಿ. ಬೇಕಂದ್ರೆ ನನ್ ತೊಡೆ ಮ್ಯಾಲದೆ, ನೋಡ್ಕೋ," ಅಂದಳು.

ಮದುಮಗಳ ಕೋಣೆ ದೊಡ್ಡ ಹಾಲ್‌ನ ಒಂದು ತುದಿಗೆ, ಮಂಟಪ ಇನ್ನೊಂದು ತುದಿಗೆ. ನಡುವೆ ಕುರ್ಚಿಗಳ ಸಾಲಿನ ನಡುವಿನ ದಾರಿ, ಎರಡೂ ಕಡೆ ತುಂಬಿದ ಜನ. ಕೋಣೆಯ ಬಾಗಿಲ ಹೊರಗೆ ಈರಪ್ಪ ಹೊಳೆಯುವ ಅಂಗಿಯಲ್ಲಿ ನಿಂತಿದ್ದ. "ಬಂದ್ಯಾ? ಆಗ್ದಿದ್ರ ಹೇಳಪಾ, ನಾ ಅದೀನಿ," ಅಂದ. ಕೆಟ್ಟದ್ದಕ್ಕೇನೂ ಅಂದದ್ದಲ್ಲ ಅವನು. ಅದೇ ಹೆಚ್ಚು ಚುಚ್ಚಿತು.

ಒಳಗೆ ಭಾಗ್ಯಶ್ರೀ ಬಾಸಿಂಗ ಕಟ್ಟಿಕೊಂಡು ನಿಂತಿದ್ದಳು. ಬಸಲಿಂಗ ಅವಳ ಕೈಹಿಡಿದ. ತಣ್ಣಗೆ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಯಾವ ಬೆವರು ಯಾರದೋ ಅವನಿಗೆ ತಿಳಿಯಲಿಲ್ಲ.

"ಮಾವಾ," ಅಂದಳು ಅವಳು ತುಟಿ ಅಲುಗದಂತೆ, "ನನಗ ಕಾಲು ಬರವಲ್ಲವು. ಅಷ್ಟೂ ಮಂದಿ ನೋಡ್ತಾರ."

"ನನ್ನ ನೋಡ್ತಾರ ಅಂತ ನಾ ಅಂಜಿ ಸಾಯಾಕತ್ತೀನಿ."

"ನಿನ್ನ ಯಾರ್ ನೋಡ್ತಾರೋ ಮಾವಾ? ಮದುಮಗಳು ನಾನು."

ಅವಳು ಇದನ್ನು ಎಷ್ಟು ಸಿಟ್ಟಿನಿಂದ ಅಂದಳೆಂದರೆ ಬಸಲಿಂಗನಿಗೆ ಒಂದು ಗಳಿಗೆ ಎದೆಬಡಿತ ಮರೆತೇಹೋಯಿತು. ನಿಜವೇ. ಐನೂರು ಜನರಲ್ಲಿ ಒಬ್ಬನಾದರೂ ಸೋದರಮಾವನ ಮುಖ ನೋಡಲು ಬಂದಿರಲಿಕ್ಕಿಲ್ಲ. ಒಂಬತ್ತು ತಿಂಗಳಲ್ಲಿ ಇಷ್ಟು ಸಾದಾ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಬಾಗಿಲು ತೆರೆಯಿತು. ಬಾಜಾದವರು ಶುರು ಮಾಡಿದರು. ಮೂರು ಹೆಜ್ಜೆ ಇಟ್ಟರು, ನಾಲ್ಕನೆಯದಕ್ಕೆ ಆ ಹಳೆಯ ಅಲೆ ಬಂತು. ಹಾಲ್ ಅಗಲವಾಯಿತು, ಕುರ್ಚಿಗಳು ದೂರ ಸರಿದವು, ಹೊರಗೆ ಹೋಗುವ ಬಾಗಿಲು ಬೆನ್ನ ಹಿಂದೆ ಎಲ್ಲೋ ಕಳೆದುಹೋಯಿತು. ಅವನು ನಿಂತುಬಿಟ್ಟ. ಮುಂದಿನ ಸಾಲಿನಲ್ಲಿ ಚಿಕ್ಕಮುನಿಯಮ್ಮ ಹೆಲ್ಮೆಟ್ಟನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅದಕ್ಕೂ ಇವನಿಗೂ ನಡುವೆ ಅರವತ್ತು ಹೆಜ್ಜೆ. ಹಿಂದಿನ ಕೋಣೆಯ ಬಾಗಿಲಿಗೆ ನಾಲ್ಕೇ ಹೆಜ್ಜೆ. ಮಂಟಪದ ಪಕ್ಕದಲ್ಲಿ ಬಸಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಓಡಬೇಡ, ನಿಂತುಕೋ, ಉಸಿರು ಬಿಡು. ಅವನು ಮೂಗಿನಿಂದ ಉಸಿರು ಎಳೆದು ಗುಂಯ್ ಅಂದ. ಬಾಜಾದ ಸದ್ದಿನಲ್ಲಿ ಅದು ಅವನ ಹಲ್ಲಿಗೆ ಮಾತ್ರ ತಿಳಿಯಿತು.

"ಮಾವಾ, ಏನದು?" ಅಂದಳು ಭಾಗ್ಯಶ್ರೀ.

"ದುಂಬಿ. ಅಂಜಿಕಿ ಬಂದ್ರ ಹಿಂಗ ಮಾಡೂದು. ಉದ್ದಕ ಬಿಡು, ಬಾಯಿ ತಗೀಬ್ಯಾಡ."

ಅವಳೂ ಗುಂಯ್ ಅಂದಳು. ಸಣ್ಣ ದನಿ, ಅವನದಕ್ಕಿಂತ ತೆಳು. ಅವಳ ಬೆರಳ ತುದಿಯಿಂದ ಅದು ಅವನ ಅಂಗೈಗೆ ನಡುಗುತ್ತ ಬಂತು. ಇಬ್ಬರೂ ಗುಂಯ್‌ಗುಟ್ಟುತ್ತ ಹೆಜ್ಜೆ ಎತ್ತಿಟ್ಟರು. ಉಸಿರು ಮುಗಿದಲ್ಲಿ ನಿಲ್ಲುತ್ತಿದ್ದರು, ಮತ್ತೆ ಎಳೆದುಕೊಂಡು ಹೊರಡುತ್ತಿದ್ದರು. ನೋಡುತ್ತಿದ್ದ ಹೆಂಗಸರು, ಮದುಮಗಳು ಎಷ್ಟು ಗಂಭೀರವಾಗಿ ನಡೆಯುತ್ತಾಳೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಎದೆ ಕೊನೆಯ ತನಕ ಹೊಡೆದುಕೊಳ್ಳುತ್ತಲೇ ಇತ್ತು. ಕಾಲು ಅದರ ಮಾತು ಕೇಳಲಿಲ್ಲ, ಅಷ್ಟೆ.

ಅವಳನ್ನು ಮಣೆಯ ಮೇಲೆ ನಿಲ್ಲಿಸಿ ಕೈ ಬಿಟ್ಟಾಗ ಬಸಕ್ಕ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಳುತ್ತಿದ್ದರು. ಅವನ ಶಲ್ಯದ ತುದಿಯನ್ನು ಎಳೆದು, ಜಾರಿದ್ದನ್ನು ಹೆಗಲ ಮೇಲೆ ಸರಿಮಾಡಿದಳು.

ಅಕ್ಷತೆ ಬಿದ್ದ ಕೂಡಲೇ ಬಸಲಿಂಗ ಗೋಡೆ ಹಿಡಿದುಕೊಂಡು ಚಿಕ್ಕಮುನಿಯಮ್ಮನ ಹತ್ತಿರ ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

"ಕೊಡ್ರಿ ಅಮ್ಮಾರ, ಮನೀಗಿ ಹೊಂಡ್ತೀನಿ."

"ಊಟ?"

"ಬ್ಯಾಡ್ರಿ. ಸಾಕಾತು ಇವತ್ತಿಗೆ."

"ಓಳಿಗೆ ಮಾಡವ್ರೆ ಕಣಪ್ಪ. ಇದಾಕ್ಕೊಂಡು ಓಳಿಗೆ ತಿನ್ನಕಾಗಲ್ಲ," ಅಂದು ಅವಳು ಹೆಲ್ಮೆಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ಊಟದ ಹಾಲ್ ಕಡೆಗೆ ಹೊರಟೇಬಿಟ್ಟಳು. ಹೆಲ್ಮೆಟ್ ಹೋದ ಕಡೆಗೆ ಬಸಲಿಂಗನೂ ಹೋಗಬೇಕಾಯಿತು.

ಬಾಗಿಲ ಪಕ್ಕದ ಕೊನೆಯ ಕುರ್ಚಿ ಹಿಡಿದು ಕೂತ. ಹೊರಗಿನ ರಸ್ತೆ ಅಲ್ಲಿಂದ ಕಾಣುತ್ತಿತ್ತು, ಅದು ಬೇಕಿತ್ತು ಅವನಿಗೆ. ಚಿಕ್ಕಮುನಿಯಮ್ಮ ಅವನ ಪಕ್ಕದ ಕುರ್ಚಿಯ ಮೇಲೆ ಹೆಲ್ಮೆಟ್ ಇಟ್ಟು, ಅದರ ಆಚೆಗೆ ತಾನು ಕೂತಳು. ಎಲೆ ಹಾಕುತ್ತ ಬಂದವನು ಹೆಲ್ಮೆಟ್ಟಿನ ಮುಂದೆ ನಿಂತ.

"ಇಲ್ಲಿಗೆ ಯಾರಾದ್ರೂ ಬರ್ತಾರಾ ಅಣ್ಣ?"

ಬಸಲಿಂಗ ರಸ್ತೆಯನ್ನು ಒಮ್ಮೆ ನೋಡಿದ, ಹೆಲ್ಮೆಟ್ಟನ್ನು ಒಮ್ಮೆ ನೋಡಿದ. ಆಮೇಲೆ ಅದನ್ನೆತ್ತಿ ಕುರ್ಚಿಯ ಕೆಳಗೆ, ಕಾಲಿಗೆ ತಾಗುವ ಹಾಗೆ ಇಟ್ಟುಕೊಂಡ. ಬಡಿಸುವವರ ನಡುವೆ ಓಡಾಡುತ್ತಿದ್ದ ಮಹಾದೇವಿಯನ್ನು ಕೈಮಾಡಿ ಕರೆದು, "ಹೂಂ, ಬರ್ತಾರ. ಹಾಕು," ಅಂದ.